ಬಿಂದುಗಳ ಪಟ್ಟಿ: ಸರ್ವೆ ಲೆಕ್ಕಕ್ಕೆ ಕೂರುವ ಮೊದಲು

ಬೇರೆ ಕಚೇರಿಯೊಂದರಿಂದ ಬಂದ ಪಟ್ಟಿ ಅದು. ತಲೆಬರಹ ಇರಲಿಲ್ಲ, ಬರೀ ಅಂಕಿ. ಬಿಂದುವಿನ ಸಂಖ್ಯೆ, ಆಮೇಲೆ ಎರಡು ಕಾಲಂ ನಿರ್ದೇಶಾಂಕ, ಎರಡೂ ಎರಡು ಸಾವಿರದಿಂದ ಶುರು. ನಾನು ಕೂತು ನಾಲ್ಕೂ ಬದಿಯ ಉದ್ದ ಲೆಕ್ಕ ಹಾಕಿದೆ, ನಕ್ಷೆಯ ಜೊತೆ ಮಿಲಿಮೀಟರ್‌ವರೆಗೆ ತಾಳೆಯಾಯಿತು. ವಿಸ್ತೀರ್ಣ ತೆಗೆದೆ, ಅದೂ ತಾಳೆ. ಸಹಿ ಹಾಕಿ ಗುರುತು ಹಾಕುವವರ ಕೈಗೆ ಕೊಟ್ಟೆ. ಮೂರನೇ ದಿನ ಜಾಗದಿಂದ ಫೋನ್ ಬಂತು: "ಮೇಡಂ, ಗೂಟ ಎಲ್ಲಾ ಗಡಿಯ ಆಚೆ ಬೀಳ್ತಾ ಇದೆ." ಅಷ್ಟರಲ್ಲಿ ಗೋಡೆಯ ಪಾಯಕ್ಕೆ ಇಪ್ಪತ್ತು ಮೀಟರ್ ತೋಡಿ ಆಗಿತ್ತು, ಪಕ್ಕದವರ ಜಾಗದಲ್ಲಿ.

ಪಟ್ಟಿ ಬರೆದವರು ಪೂರ್ವವನ್ನು ಮೊದಲು, ಉತ್ತರವನ್ನು ಆಮೇಲೆ ಬರೆದಿದ್ದರು. ನಾನು ಉಲ್ಟಾ ಓದಿದ್ದೆ. ಪಟ್ಟಿ ಏನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆವತ್ತಿನಿಂದ ನನ್ನ ಮೇಜಿಗೆ ಬರುವ, ನನ್ನ ಮೇಜಿನಿಂದ ಹೋಗುವ ಪ್ರತಿ ಪಟ್ಟಿಗೂ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ: ಬರೆದವರು ಎದುರಿಗೆ ಇಲ್ಲದಿದ್ದರೂ, ಹತ್ತು ವರ್ಷ ಕಳೆದಿದ್ದರೂ, ಆ ಕಡತವೊಂದನ್ನೇ ಹಿಡಿದುಕೊಂಡು ಅಪರಿಚಿತರೊಬ್ಬರು ಅದೇ ಕಲ್ಲಿನ ಹತ್ತಿರ ಹೋಗಿ ನಿಲ್ಲಲು ಆಗಬೇಕು. ಹೊಸದಾಗಿ ಸರ್ವೆ ಲೆಕ್ಕಕ್ಕೆ ಕೂರುವವರಿಗೆ ನಾನು ಹೇಳಿಕೊಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದ್ದ, ವಿಸ್ತೀರ್ಣ ಯಾಕೆ ನನ್ನನ್ನು ಎಚ್ಚರಿಸಲಿಲ್ಲ

ಇದನ್ನು ಅಂಕಿ ಹಿಡಿದೇ ನೋಡಬೇಕು. ನಾಲ್ಕು ಮೂಲೆಯ ಒಂದು ಜಾಗ, ಮೊದಲು ಉತ್ತರ, ಆಮೇಲೆ ಪೂರ್ವ:

101, 5000.000, 1000.000
102, 5060.000, 1011.000
103, 5052.000, 1075.000
104, 4992.000, 1063.000

101ರಿಂದ 102ಕ್ಕೆ ಉತ್ತರದಲ್ಲಿ 60, ಪೂರ್ವದಲ್ಲಿ 11 ವ್ಯತ್ಯಾಸ. ವರ್ಗಗಳ ಮೊತ್ತ 3,721, ಅದರ ವರ್ಗಮೂಲ ಸರಿಯಾಗಿ 61.000 ಮೀಟರ್. ಉಳಿದ ಮೂರು ಬದಿ 64.498, 61.188, 63.506. ಈಗ ಎರಡು ಕಾಲಂಗಳನ್ನು ಅದಲುಬದಲು ಮಾಡಿ ನೋಡಿ. 60 ಮತ್ತು 11 ಜಾಗ ಬದಲಾಯಿಸಿಕೊಂಡವು ಅಷ್ಟೇ, ವರ್ಗಗಳ ಮೊತ್ತ ಅದೇ. ಯಾವ ಬದಿಯೂ ಒಂದು ಮಿಲಿಮೀಟರ್ ಕೂಡ ಬದಲಾಗುವುದಿಲ್ಲ.

ವಿಸ್ತೀರ್ಣಕ್ಕೆ ಬನ್ನಿ. 101ರ ಅಂಕಿಗಳನ್ನು ಎಲ್ಲದರಿಂದ ಕಳೆದರೆ ಬಿಂದುಗಳು (0, 0), (60, 11), (52, 75), (-8, 63) ಆಗುತ್ತವೆ. ಒಂದರ ಉತ್ತರವನ್ನು ಮುಂದಿನದರ ಪೂರ್ವದಿಂದ ಗುಣಿಸಿ, ಮುಂದಿನದರ ಉತ್ತರ ಮತ್ತು ಇದರ ಪೂರ್ವದ ಗುಣಲಬ್ಧವನ್ನು ಕಳೆಯುತ್ತಾ ಸುತ್ತು ಹೋಗಬೇಕು. 101 ಸೇರುವ ಎರಡು ಹೆಜ್ಜೆಗಳಲ್ಲಿ ಸೊನ್ನೆ. 102ರಿಂದ 103ಕ್ಕೆ 4,500ರಲ್ಲಿ 572 ಕಳೆದು 3,928. 103ರಿಂದ 104ಕ್ಕೆ 3,276ಕ್ಕೆ 600 ಕೂಡಿ 3,876. ಒಟ್ಟು 7,804, ಅದರ ಅರ್ಧ 3,902 ಚದರ ಮೀಟರ್. ಕಾಲಂ ಅದಲುಬದಲಾದರೆ ಇದೇ ಲೆಕ್ಕ ಋಣ 3,902 ಕೊಡುತ್ತದೆ. ಬಹಳಷ್ಟು ತಂತ್ರಾಂಶಗಳು, ಬಹಳಷ್ಟು ಕೈಲೆಕ್ಕದವರು, ಆ ಋಣ ಚಿಹ್ನೆಯನ್ನು ಸುಮ್ಮನೆ ಒರೆಸಿಬಿಡುತ್ತಾರೆ. ನಾನೂ ಒರೆಸಿದ್ದೆ. ತಪ್ಪನ್ನು ಹೇಳಬಲ್ಲ ಒಂದೇ ಒಂದು ಗುರುತು ಅದಾಗಿತ್ತು.

ಜಾಗದಲ್ಲಿ ಯಂತ್ರ ನಿಲ್ಲಿಸಿದವರಿಗೂ ಮೊದಲ ಹೆಜ್ಜೆಯಲ್ಲಿ ತಿಳಿಯುವುದಿಲ್ಲ. 101ರ ಮೇಲೆ ಟೋಟಲ್ ಸ್ಟೇಷನ್ (ಕೋನ, ಅಂತರ ಎರಡನ್ನೂ ಅಳೆಯುವ ಯಂತ್ರ), 102ಕ್ಕೆ ಬ್ಯಾಕ್‌ಸೈಟ್ (ದಿಕ್ಕು ಹಿಡಿಯಲು ಗೊತ್ತಿರುವ ಬಿಂದುವಿನತ್ತ ನೋಡುವುದು), ಅಂತರ 61.000. ಯಂತ್ರಕ್ಕೆ ತೃಪ್ತಿ. ಅಲ್ಲಿಂದ 104ಕ್ಕೆ ತಿರುಗಬೇಕಾದದ್ದು ಬಲಕ್ಕೆ 86 ಡಿಗ್ರಿ 51 ನಿಮಿಷ. ಅದಲುಬದಲಾದ ಪಟ್ಟಿ ಅಷ್ಟೇ ಕೋನವನ್ನು ಎಡಕ್ಕೆ ತಿರುಗಿಸುತ್ತದೆ. ಜಾಗವಿಡೀ 101-102ರ ಗೆರೆಯ ಆಚೆ ಕನ್ನಡಿಯಲ್ಲಿ ಬಿದ್ದ ಹಾಗೆ ಮಗುಚಿಕೊಳ್ಳುತ್ತದೆ.

ಹಾಗಾಗಿ ಉದ್ದ ಮತ್ತು ವಿಸ್ತೀರ್ಣದ ಜೊತೆಗೆ ದಿಕ್ಕನ್ನೂ ನೋಡದೆ ಯಾವ ಪಟ್ಟಿಯನ್ನೂ ಒಪ್ಪಬೇಡಿ. ಒಂದು ಬದಿಯ ಬೇರಿಂಗ್, ಅಂದರೆ ಉತ್ತರ ದಿಕ್ಕಿನಿಂದ ಬಲಕ್ಕೆ ಅಳೆದ ಕೋನ, ಸಾಕು. ಇಲ್ಲಿ 101ರಿಂದ 102ಕ್ಕೆ ಉತ್ತರದಿಂದ 10 ಡಿಗ್ರಿ 23 ನಿಮಿಷ 20 ಸೆಕೆಂಡ್. ಅದಲುಬದಲಾದರೆ 79 ಡಿಗ್ರಿ 36 ನಿಮಿಷ 40 ಸೆಕೆಂಡ್ ಬರುತ್ತದೆ. ಎರಡನ್ನೂ ಕೂಡಿದರೆ ಸರಿಯಾಗಿ 90 ಡಿಗ್ರಿ. ನಿಮಗೆ ಬಂದ ಬೇರಿಂಗ್, ನಕ್ಷೆಯ ಬೇರಿಂಗ್ ಎರಡೂ ಸೇರಿ 90 ಆಯಿತೆಂದರೆ ಬೇರೆಲ್ಲೂ ಹುಡುಕಬೇಡಿ, ಕಾಲಂ ತಿರುವುಮುರುವಾಗಿದೆ.

ಸ್ಪ್ರೆಡ್‌ಶೀಟ್‌ನಲ್ಲಿ ಬೇರಿಂಗ್ ತೆಗೆಯುವವರಿಗೆ ಒಂದು ಮಾತು. ಎರಡು ವ್ಯತ್ಯಾಸಗಳಿಂದ ಕೋನ ಕೊಡುವ ಎಕ್ಸೆಲ್‌ನ ಎಟ್ಯಾನ್2 ಸೂತ್ರ ಮೊದಲು ಎಕ್ಸ್, ಆಮೇಲೆ ವೈ ಕೇಳುತ್ತದೆ. ಪೈಥಾನ್, ಸಿ ಮುಂತಾದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮೊದಲು ವೈ, ಆಮೇಲೆ ಎಕ್ಸ್. ಉತ್ತರದಿಂದ ಬೇರಿಂಗ್ ಬೇಕಾದರೆ ಎಕ್ಸೆಲ್‌ನಲ್ಲಿ ಉತ್ತರದ ವ್ಯತ್ಯಾಸ ಮೊದಲು, ಆ ಭಾಷೆಗಳಲ್ಲಿ ಪೂರ್ವದ ವ್ಯತ್ಯಾಸ ಮೊದಲು. ಕಾಲಂ ಸರಿಯಿದ್ದು ಸೂತ್ರ ತಿರುವುಮುರುವಾದರೆ, ಸರಿಯಾದ ಪಟ್ಟಿಯನ್ನೇ ನೀವು "ಸರಿ" ಮಾಡಲು ಹೊರಡುತ್ತೀರಿ. ಅದು ಇನ್ನೂ ಕೆಟ್ಟದ್ದು.

ಕಾಲಂಗಳ ಕ್ರಮ, ತಲೆಬರಹ

ಕ್ರಮ ಯಾವುದೇ ಇರಲಿ, ಬರೆದಿರಬೇಕು. ಸರ್ವೆ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪಿ-ಎನ್-ಇ-ಝಡ್-ಡಿ, ಅಂದರೆ ಬಿಂದು, ಉತ್ತರ, ಪೂರ್ವ, ಎತ್ತರ, ವಿವರ. ಪೂರ್ವ ಮೊದಲು ಬರುವ ಪಿ-ಇ-ಎನ್-ಝಡ್-ಡಿ ಕೂಡ ಅಷ್ಟೇ ಚಾಲ್ತಿಯಲ್ಲಿದೆ. ಶಾಲೆಯ ಗಣಿತದಲ್ಲಿ ಎಕ್ಸ್ ಅಡ್ಡಕ್ಕೆ, ವೈ ಮೇಲಕ್ಕೆ. ಆಟೋಕ್ಯಾಡ್‌ನಂಥ ನಕ್ಷೆಯ ತಂತ್ರಾಂಶ ಆ ದಾರಿಯಲ್ಲೇ ಎಕ್ಸ್ ಅನ್ನು ಪೂರ್ವ ಮಾಡಿಕೊಂಡಿದೆ. ಆದರೆ ಜರ್ಮನ್ ಸಂಪ್ರದಾಯದಂಥ ಹಳೆಯ ಸರ್ವೆ ಪದ್ಧತಿಗಳಲ್ಲಿ ಎಕ್ಸ್ ಅಂದರೆ ಉತ್ತರ. ಆದ್ದರಿಂದ "ಎಕ್ಸ್", "ವೈ" ಅಂತ ತಲೆಬರಹ ಹಾಕಿದರೆ ಹಾಕದ ಹಾಗೆಯೇ. "ಉತ್ತರ", "ಪೂರ್ವ" ಅಂತಲೇ ಬರೆಯಿರಿ.

ನನ್ನ ಪಟ್ಟಿಯ ತಲೆ ಹೀಗಿರುತ್ತದೆ (ಗ್ರಿಡ್, ಟ್ರಾವರ್ಸ್ ಅಂದರೇನೆಂದು ಮುಂದೆ ಹೇಳುತ್ತೇನೆ):

# ಕ್ರಮ: ಬಿಂದು, ಉತ್ತರ, ಪೂರ್ವ, ಎತ್ತರ, ವಿವರ
# ಏಕಮಾನ: ಮೀಟರ್
# ವ್ಯವಸ್ಥೆ: ಸ್ಥಳೀಯ. 101ಕ್ಕೆ ಉತ್ತರ 5000, ಪೂರ್ವ 1000 ಎಂದು ಇಟ್ಟುಕೊಂಡದ್ದು
# ಅಂತರ: ನೆಲದ ಮೇಲಿನದು, ಗ್ರಿಡ್‌ನದಲ್ಲ
# ಎತ್ತರ: ಸ್ಥಳೀಯ, 101ರ ಕಲ್ಲಿನ ತಲೆ 612.480
# ಆವೃತ್ತಿ: 02, ಟ್ರಾವರ್ಸ್ ಹೊಂದಾಣಿಕೆಯ ನಂತರ
# ತಾಳೆ: 101-102 ಅಂತರ 61.000, ಬೇರಿಂಗ್ 10 ಡಿ 23 ನಿ 20 ಸೆ
101,5000.000,1000.000,612.480,ಕಲ್ಲು
102,5060.000,1011.000,612.935,ಕಲ್ಲು
103,5052.000,1075.000,611.870,ಕಲ್ಲು
104,4992.000,1063.000,,ಕಲ್ಲು ಎತ್ತರ ತೆಗೆದಿಲ್ಲ

ಸ್ಥಳೀಯ ವ್ಯವಸ್ಥೆಯಲ್ಲಿ ಆರಂಭದ ಬಿಂದುವಿಗೆ 5000, 1000 ಅಂತ ಬೇರೆ ಬೇರೆ ಇಟ್ಟದ್ದು ಸುಮ್ಮನೆ ಅಲ್ಲ. ನನ್ನನ್ನು ಮುಳುಗಿಸಿದ ಪಟ್ಟಿಯಲ್ಲಿ ಎರಡೂ ಎರಡು ಸಾವಿರ ಇತ್ತು, ಕಣ್ಣಿಗೆ ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಐದು ಸಾವಿರ ಒಂದು ಕಡೆ, ಒಂದು ಸಾವಿರ ಇನ್ನೊಂದು ಕಡೆ ಇದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಜಾಗದ ಒಳಗೆ ಎಲ್ಲೂ ಋಣ ಸಂಖ್ಯೆ ಬಾರದಷ್ಟು ದೊಡ್ಡದು, ಜಾಗದ ಆಚೆ ತುದಿಯಲ್ಲೂ ಎರಡು ಕಾಲಂಗಳ ಅಂಕಿ ಒಂದಕ್ಕೊಂದು ಸಮೀಪ ಬಾರದಷ್ಟು ಅಂತರ, ಇಷ್ಟು ನೋಡಿಕೊಂಡರೆ ಸಾಕು.

ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರಿನಲ್ಲಿ ನಿರ್ದೇಶಾಂಕ ಕೊಡುವ ಯುಟಿಎಂ ಗ್ರಿಡ್‌ನಲ್ಲಿ ಈ ಅನುಕೂಲ ಬಹುತೇಕ ತಾನಾಗಿಯೇ ಇದೆ. ಪ್ರತಿ ವಲಯದ ನಡುವಿನ ರೇಖಾಂಶಕ್ಕೆ ಪೂರ್ವ 5,00,000 ಮೀಟರ್ ಎಂದು ಇಟ್ಟಿರುವುದರಿಂದ ಪೂರ್ವದ ಅಂಕಿ ಆರು ಸ್ಥಾನದ್ದು. ಭೂಮಧ್ಯರೇಖೆಯಿಂದ ಸಾವಿರ ಕಿಲೋಮೀಟರ್ ದಾಟಿದರೆ ಉತ್ತರದ ಅಂಕಿ ಏಳು ಸ್ಥಾನದ್ದು. ದಕ್ಷಿಣಾರ್ಧ ಗೋಳದಲ್ಲಿ ಭೂಮಧ್ಯರೇಖೆಗೇ 1,00,00,000 ಕೊಟ್ಟು ಕೆಳಗೆ ಇಳಿಯುತ್ತಾರೆ. ಆದರೆ ವಲಯದ ಸಂಖ್ಯೆ, ಯಾವ ಗೋಳಾರ್ಧ, ಯಾವ ಡೇಟಮ್ (ಅಳತೆಗೆ ಆಧಾರವಾಗಿ ಇಟ್ಟುಕೊಂಡ ಭೂಮಿಯ ಮಾದರಿ) ಎಂಬುದು ಅಂಕಿಯಲ್ಲಿ ಇರುವುದಿಲ್ಲ. ಅರವತ್ತು ವಲಯಗಳಲ್ಲೂ ಅದೇ ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ತಲೆಬರಹದಲ್ಲಿ ಬರೆಯದಿದ್ದರೆ ಆ ಬಿಂದು ಭೂಮಿಯ ಮೇಲೆ ಎಲ್ಲಿದೆ ಎಂದು ಪಟ್ಟಿಗೇ ಗೊತ್ತಿಲ್ಲ ಎಂದ ಹಾಗೆ.

ಕೆಲವು ಯಂತ್ರಗಳು # ಇರುವ ಸಾಲನ್ನು ಓದುವಾಗ ಮುಗ್ಗರಿಸುತ್ತವೆ. ಆಗ ತಲೆಬರಹವನ್ನು ಅದೇ ಹೆಸರಿನ ಇನ್ನೊಂದು ಕಡತದಲ್ಲಿ ಇಟ್ಟು, ಎರಡನ್ನೂ ಒಟ್ಟಿಗೇ ಕಳಿಸಿ. ಹಾಗೆಯೇ ಮೇಲಿನ ವಿವರಗಳನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ, ಮೇಜಿನ ಪ್ರತಿಯಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿದರೆ ತೊಂದರೆಯಿಲ್ಲ. ಯಂತ್ರಕ್ಕೆ ಹೋಗುವ ಪ್ರತಿಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದ ಚಿಕ್ಕ ಕೋಡ್ ಹಾಕಿ, ಹಳೆಯ ಯಂತ್ರಗಳು ಬೇರೆ ಲಿಪಿಯನ್ನು ಪ್ರಶ್ನೆಚಿಹ್ನೆ ಮಾಡಿಬಿಡುತ್ತವೆ.

ಬಿಂದುವಿನ ಸಂಖ್ಯೆ

ಒಂದು ಸಂಖ್ಯೆ, ಒಂದು ಬಿಂದು, ಕೆಲಸ ಮುಗಿಯುವವರೆಗೆ. ಒಂದು ಬಿಂದುವನ್ನು ತೆಗೆದುಹಾಕಿದರೂ ಆ ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬಾರದು, ಯಾಕೆಂದರೆ ಹಳೆಯ ಪ್ರತಿ ಯಾರದೋ ಯಂತ್ರದಲ್ಲಿ ಇನ್ನೂ ಇರುತ್ತದೆ.

ನಾನು ಕಂತು ಕಂತಾಗಿ ಹಂಚಿಕೊಳ್ಳುತ್ತೇನೆ. 1ರಿಂದ 99 ಕಂಟ್ರೋಲ್ ಬಿಂದು (ಉಳಿದ ಅಳತೆಗೆಲ್ಲ ಆಧಾರವಾದ ಬಿಂದು), 101ರಿಂದ 999 ಗಡಿಕಲ್ಲು, 1001ರಿಂದ ಮೇಲೆ ನೆಲದ ವಿವರ, 9001ರಿಂದ ತಾಳೆ ನೋಡಲು ಹೊಡೆದವು, ಅಂದರೆ ಅಳೆದವು. ಇಬ್ಬರು ಎರಡು ಯಂತ್ರ ಹಿಡಿದು ಹೊರಟರೆ ಒಬ್ಬರಿಗೆ 1001ರಿಂದ, ಇನ್ನೊಬ್ಬರಿಗೆ 5001ರಿಂದ. ಇದನ್ನು ಹೊರಡುವ ಮೊದಲೇ ಹೇಳಿರಬೇಕು. ಸಂಜೆ ಎರಡು ಕಡತ ಸೇರಿಸುವಾಗ ಎರಡರಲ್ಲೂ 1037 ಇದ್ದರೆ, ತಂತ್ರಾಂಶ ಒಂದನ್ನು ಇನ್ನೊಂದರ ಮೇಲೆ ಬರೆದುಬಿಡಬಹುದು, ಇಡೀ ಸಾಲು ಮರಗಳು ಮಾಯವಾದದ್ದು ನಕ್ಷೆ ಬಿಡಿಸಿದ ಮೇಲೆ ತಿಳಿಯುತ್ತದೆ.

9001ರ ಕಂತಿನ ಬಗ್ಗೆ ಇನ್ನೊಂದು ಮಾತು. ಬೆಳಿಗ್ಗೆ ಶುರು ಮಾಡುವಾಗ ಮತ್ತು ಸಂಜೆ ಯಂತ್ರ ಎತ್ತುವ ಮೊದಲು ಗೊತ್ತಿರುವ ಒಂದು ಕಂಟ್ರೋಲ್ ಬಿಂದುವನ್ನು ಹೊಸ ಸಂಖ್ಯೆ ಕೊಟ್ಟು ಅಳೆಯಿರಿ. 2ನೇ ಬಿಂದುವನ್ನು ಮತ್ತೆ "2" ಅಂತ ಅಳೆದರೆ ಹಳೆಯ ಅಂಕಿ ಹೋಯಿತು. "9002" ಅಂತ ಅಳೆದರೆ ಎರಡೂ ಉಳಿದು, ಉತ್ತರದಲ್ಲಿ 4 ಮಿಲಿಮೀಟರ್, ಪೂರ್ವದಲ್ಲಿ 6 ಮಿಲಿಮೀಟರ್ ವ್ಯತ್ಯಾಸ, ಒಟ್ಟು 7 ಮಿಲಿಮೀಟರ್ ಅಂತ ಕಣ್ಣಮುಂದೆ ಇರುತ್ತದೆ. ಆ ಸಾಲನ್ನು ಅಳಿಸಬೇಡಿ. ನಾಳೆ ಯಾರಾದರೂ "ನಿಮ್ಮ ಅಳತೆ ನಂಬುವುದು ಹೇಗೆ" ಎಂದು ಕೇಳಿದಾಗ ಆ ಸಾಲೇ ಉತ್ತರ.

ಸಂಖ್ಯೆಯ ಜೊತೆ ಅಕ್ಷರ ಸೇರಿಸಬೇಡಿ ಎಂದು ನಾನು ಹಟ ಹಿಡಿಯುತ್ತೇನೆ. ಕಾರಣ ಮುಂದಿದೆ.

ಸ್ಪ್ರೆಡ್‌ಶೀಟ್ ಎಂಬ ಸಂಕಟ

ಸಿಎಸ್‌ವಿ ಕಡತದ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯದ ಕಡತ) ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು, ಏನೋ ಒಂದು ಅಕ್ಷರ ತಿದ್ದಿ, ಉಳಿಸಿ ಮುಚ್ಚುವುದು: ನಿರ್ದೇಶಾಂಕಗಳು ಹಾಳಾಗುವ ದಾರಿಗಳಲ್ಲಿ ನಾನು ಅತಿ ಹೆಚ್ಚು ಕಂಡದ್ದು ಇದೇ.

ನಿಮ್ಮ ಬಿಂದುವಿನ ಹೆಸರು "3-4" ಎಂದಿದ್ದರೆ ಅದನ್ನು ದಿನಾಂಕ ಮಾಡುತ್ತದೆ. "007" ಎಂದಿದ್ದರೆ 7 ಮಾಡುತ್ತದೆ. ಎರಡು, ಇಂಗ್ಲಿಷ್‌ನ ಇ ಅಕ್ಷರ, ಐದು ಅಂತ ಬಿಂದುವಿಗೆ ಹೆಸರಿಟ್ಟರೆ ಅದನ್ನು ಹತ್ತರ ಘಾತ ಅಂದುಕೊಂಡು 2,00,000 ಮಾಡುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಇಂಗ್ಲಿಷ್‌ನ ಮೊದಲ ಮೂರು ಅಕ್ಷರ ಮತ್ತು 1 ಅಂತ ಕೋಡ್ ಹಾಕುವವರಿದ್ದಾರೆ, ಅದು ಸೆಪ್ಟೆಂಬರ್ ಒಂದನೇ ತಾರೀಕು ಆಗಿಬಿಡುತ್ತದೆ. ಇದು ನಮ್ಮ ಸರ್ವೆಯವರ ಗೋಳು ಮಾತ್ರ ಅಲ್ಲ. ಇದೇ ಕಾಟಕ್ಕೆ ಸೋತು 2020ರಲ್ಲಿ ಮಾನವ ಜೀನ್‌ಗಳ ಹೆಸರಿಡುವ ಸಮಿತಿ ಮಾರ್ಚ್, ಸೆಪ್ಟೆಂಬರ್‌ಗಳಂತೆ ಕಾಣುವ ಜೀನ್‌ಗಳ ಹೆಸರನ್ನೇ ಬದಲಾಯಿಸಿತು. 2023ರಲ್ಲಿ ಎಕ್ಸೆಲ್‌ಗೆ ಈ ಸ್ವಯಂ ಬದಲಾವಣೆ ನಿಲ್ಲಿಸುವ ಆಯ್ಕೆ ಬಂತು. ಅದನ್ನು ಈಗಲೇ ನಿಲ್ಲಿಸಿಡಿ.

ಇದಕ್ಕಿಂತ ಮೌನವಾಗಿ ನಡೆಯುವ ಇನ್ನೊಂದಿದೆ. ಸಿಎಸ್‌ವಿಯಾಗಿ ಉಳಿಸುವಾಗ ಎಕ್ಸೆಲ್ ತನ್ನ ಒಳಗಿರುವ ಪೂರ್ತಿ ಸಂಖ್ಯೆಯನ್ನು ಬರೆಯುವುದಿಲ್ಲ, ಪರದೆಯ ಮೇಲೆ ತೋರಿಸುತ್ತಿರುವುದನ್ನು ಬರೆಯುತ್ತದೆ. ಕಾಲಂಗೆ ಎರಡು ದಶಮಾಂಶ ಎಂದು ಯಾರೋ ಯಾವಾಗಲೋ ಹೇಳಿದ್ದರೆ 1063.487 ಎಂಬುದು 1063.49 ಆಗಿ ಹೋಗುತ್ತದೆ. ಮಿಲಿಮೀಟರ್‌ಗಳು ಮತ್ತೆ ಬರುವುದಿಲ್ಲ. 1063.500 ಎಂಬುದು 1063.5 ಆಗುವುದೂ ನನಗೆ ಸಮ್ಮತವಲ್ಲ. ಬೆಲೆ ಅದೇ ಇರಬಹುದು, ಆದರೆ "ಮಿಲಿಮೀಟರ್‌ವರೆಗೆ ಅಳೆದೆ" ಎಂದು ಆ ಎರಡು ಸೊನ್ನೆಗಳು ಹೇಳುತ್ತಿದ್ದವು, ಈಗ ಹೇಳುತ್ತಿಲ್ಲ.

ಹಾಗಾಗಿ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್ ಒಳಗಿಂದ ಡೇಟಾ ತರಿಸಿಕೊಳ್ಳುವ ದಾರಿಯಲ್ಲಿ ಹೋಗಿ, ಬಿಂದು ಮತ್ತು ವಿವರದ ಕಾಲಂಗಳನ್ನು ಪಠ್ಯ ಎಂದು, ಉಳಿದ ಮೂರನ್ನು ಮೂರು ದಶಮಾಂಶದ ಸಂಖ್ಯೆ ಎಂದು ನಿಗದಿ ಮಾಡಿ. ಒಂದೆರಡು ಅಂಕಿ ತಿದ್ದುವುದಿದ್ದರೆ ಸಾದಾ ನೋಟ್‌ಪ್ಯಾಡ್ ಸಾಕು. ತಿದ್ದಿದ ಮೇಲೆ ಸಾಲುಗಳ ಎಣಿಕೆ ಮೊದಲಿನಷ್ಟೇ ಇದೆಯೇ ನೋಡಿ. ಬಿಂದುಗಳನ್ನು ಪಠ್ಯವಾಗಿ ಇಟ್ಟಾಗ ವಿಂಗಡಿಸಿದರೆ 1, 10, 100, 2 ಅಂತ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ವಿಂಗಡಿಸುವಾಗ ಒಂದೇ ಕಾಲಂ ಆಯ್ದುಕೊಂಡರೆ ಸಂಖ್ಯೆಗಳು ಮಾತ್ರ ಸರಿದು ನಿರ್ದೇಶಾಂಕಗಳು ಇದ್ದಲ್ಲೇ ಉಳಿಯುತ್ತವೆ, ಪ್ರತಿ ಕಲ್ಲೂ ಇನ್ನೊಂದರ ಜಾಗಕ್ಕೆ ಹೋಗುತ್ತದೆ. ಗಡಿಬಿಂದುಗಳ ಪಟ್ಟಿಯನ್ನು ನಾನು ವಿಂಗಡಿಸುವುದೇ ಇಲ್ಲ. ಗಡಿಯಲ್ಲಿ ಸಾಲುಗಳ ಕ್ರಮವೇ ಸುತ್ತಿನ ಕ್ರಮ, ಅದು ಕಲಸಿದರೆ ವಿಸ್ತೀರ್ಣದ ಲೆಕ್ಕ ಅಡ್ಡಾದಿಡ್ಡಿ ಗೆರೆಗಳ ಲೆಕ್ಕವಾಗುತ್ತದೆ.

ಅಲ್ಪವಿರಾಮದ ವಿಷಯ. ಈ ಬರಹದಲ್ಲಿ ಓದಲು ಸುಲಭವಾಗಲಿ ಎಂದು ಲಕ್ಷ, ಸಾವಿರಗಳ ನಡುವೆ ಅಲ್ಪವಿರಾಮ ಹಾಕುತ್ತಿದ್ದೇನೆ. ಕಡತದಲ್ಲಿ ಒಂದನ್ನೂ ಹಾಕಬಾರದು. 14,34,567.123 ಎಂದು ಸಿಎಸ್‌ವಿಯಲ್ಲಿ ಬರೆದರೆ ಅದು ಮೂರು ಕಾಲಂ: 14, ಆಮೇಲೆ 34, ಆಮೇಲೆ 567.123. ವಿವರದಲ್ಲಿ "ಮಾವಿನ ಮರ, ದೊಡ್ಡದು" ಎಂದು ಬರೆದರೂ ಅದೇ ಕಥೆ. ಕೆಲವು ಯುರೋಪಿನ ಕಂಪ್ಯೂಟರುಗಳಲ್ಲಿ ದಶಮಾಂಶಕ್ಕೇ ಅಲ್ಪವಿರಾಮ ಬಳಸುತ್ತಾರೆ, ಅಲ್ಲಿಂದ ಬಂದ ಕಡತದಲ್ಲಿ ಕಾಲಂ ಬೇರ್ಪಡಿಸುವುದು ಅರ್ಧವಿರಾಮ. ಹೊರಗಿನಿಂದ ಬಂದ ಯಾವ ಕಡತವನ್ನೂ ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ಬರಿಗಣ್ಣಿನಿಂದ ನೋಡಿ.

ಖಾಲಿ ಬೇರೆ, ಸೊನ್ನೆ ಬೇರೆ

ಮೇಲಿನ ಪಟ್ಟಿಯಲ್ಲಿ 104ರ ಎತ್ತರದ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ 0.000 ಎಂದು ಬರೆದರೆ ಅದು ಒಂದು ಅಳತೆಯಾಗುತ್ತದೆ. ಸುತ್ತಲಿನ ನೆಲ 612 ಮೀಟರಿನಲ್ಲಿರುವಾಗ ಅಲ್ಲೊಂದು 612 ಮೀಟರ್ ಆಳದ ಕೊಳವೆಯನ್ನು ತಂತ್ರಾಂಶ ತೋಡುತ್ತದೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಾಂಟೂರ್ ಗೆರೆಗಳು ಆ ಬಿಂದುವಿನ ಸುತ್ತ ಕಪ್ಪು ಮಚ್ಚೆಯಾಗಿ ಮೆತ್ತಿಕೊಂಡಿದ್ದರೆ ಇದೇ ಕಾರಣ. ಆ ಮಚ್ಚೆ ಕಾಣಿಸುವುದೇ ನಮ್ಮ ಅದೃಷ್ಟ. ಸಮುದ್ರಮಟ್ಟಕ್ಕೆ ಹತ್ತಿರದ ಬಯಲಿನಲ್ಲಿ, ನೆಲವೇ ಒಂದೆರಡು ಮೀಟರಿನಲ್ಲಿರುವಾಗ, ಸುಳ್ಳು ಸೊನ್ನೆ ಒಂದು ಸಣ್ಣ ಹಳ್ಳದಂತೆ ಕಂಡು ದಾಟಿಹೋಗುತ್ತದೆ. ಮಣ್ಣಿನ ಲೆಕ್ಕದಲ್ಲಿ ಅಷ್ಟು ಘನಮೀಟರ್ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ಖಾಲಿ ಜಾಗವನ್ನು ಸೊನ್ನೆ ಎಂದೇ ಓದುವ ತಂತ್ರಾಂಶಗಳಿವೆ. ಅಂಥದಕ್ಕೆ -9999ರಂಥ ಅಸಾಧ್ಯ ಸಂಖ್ಯೆ ಕೊಟ್ಟು, ಅದರ ಅರ್ಥವನ್ನು ತಲೆಬರಹದಲ್ಲಿ ಬರೆದು, ಕಾಂಟೂರ್‌ಗೆ ಮೊದಲು ಆ ಬಿಂದುಗಳನ್ನು ಬೇರ್ಪಡಿಸಿ. ಜಿಪಿಎಸ್‌ನಿಂದ ಬಂದ ಎತ್ತರವಾದರೆ ಅದು ಎಲಿಪ್ಸಾಯ್ಡ್ (ಭೂಮಿಗೆ ಹೊಂದಿಸಿದ ಗಣಿತದ ಚಪ್ಪಟೆ ಗೋಳ) ಮೇಲಿನದೋ ಸಮುದ್ರಮಟ್ಟದ ಮೇಲಿನದೋ ಎಂಬುದನ್ನೂ ಬರೆಯಬೇಕು. ಎರಡರ ನಡುವೆ ಹತ್ತಾರು ಮೀಟರ್ ವ್ಯತ್ಯಾಸ ಇರಬಹುದು.

ಎಷ್ಟು ಅಂಕಿ, ಯಾವ ಏಕಮಾನ

ಮೀಟರಿನಲ್ಲಿ ಮೂರು ದಶಮಾಂಶ ಸಾಕು. ಲೆಕ್ಕದ ನಡುವಿನ ಹಂತಗಳಲ್ಲಿ ಪೂರ್ತಿ ಇಟ್ಟುಕೊಂಡು ಕೊನೆಯಲ್ಲಿ ಮಾತ್ರ ಮೂರಕ್ಕೆ ತನ್ನಿ. ಅಕ್ಷಾಂಶ-ರೇಖಾಂಶ ದಶಮಾಂಶ ಡಿಗ್ರಿಯಲ್ಲಿದ್ದರೆ ಎಂಟು ಸ್ಥಾನ ಬೇಕು, ಯಾಕೆಂದರೆ ಅಕ್ಷಾಂಶದ ಐದನೇ ಸ್ಥಾನದ ಒಂದು ನೆಲದ ಮೇಲೆ ಸುಮಾರು 1.1 ಮೀಟರ್. ಐದಕ್ಕೇ ನಿಲ್ಲಿಸಿದ ಪಟ್ಟಿಯಿಂದ ಗಡಿ ಗುರುತಿಸಲು ಆಗುವುದಿಲ್ಲ.

ಕೋನವನ್ನು 45.3015 ಎಂದು ಬರೆದರೆ ಏನರ್ಥ? ಸರ್ವೆಯ ಹಲವು ಕ್ಯಾಲ್ಕುಲೇಟರುಗಳಲ್ಲಿ ಅದು 45 ಡಿಗ್ರಿ 30 ನಿಮಿಷ 15 ಸೆಕೆಂಡ್. ಸ್ಪ್ರೆಡ್‌ಶೀಟ್‌ಗೆ ಅದು ದಶಮಾಂಶ ಡಿಗ್ರಿ, ಅಂದರೆ 45 ಡಿಗ್ರಿ 18 ನಿಮಿಷ ಚಿಲ್ಲರೆ. ಒಂದು ಕಿಲೋಮೀಟರ್ ದೂರದಲ್ಲಿ ಒಂದು ಸೆಕೆಂಡ್ ತಪ್ಪಿದರೆ 5 ಮಿಲಿಮೀಟರ್ ಅಷ್ಟೇ. ಇಲ್ಲಿ ತಪ್ಪುವುದು ಹನ್ನೆರಡು ನಿಮಿಷಕ್ಕೂ ಹೆಚ್ಚು, ಅಂದರೆ ಮೂರೂವರೆ ಮೀಟರ್. ಡಿಗ್ರಿ, ನಿಮಿಷ, ಸೆಕೆಂಡ್‌ಗಳನ್ನು ಮೂರು ಕಾಲಂ ಮಾಡಿ ಬರೆದರೆ ಈ ಗೊಂದಲವೇ ಇಲ್ಲ.

ಅಡಿಯಲ್ಲಿ ಬಂದ ಪಟ್ಟಿಗೆ ಯಾವ ಅಡಿ ಎಂದು ಕೇಳಿ. ಅಂತರರಾಷ್ಟ್ರೀಯ ಅಡಿ ಸರಿಯಾಗಿ 0.3048 ಮೀಟರ್. ಅಮೆರಿಕದ ಸರ್ವೆ ಅಡಿ 1200 ಭಾಗಿಸು 3937 ಮೀಟರ್. ಅದನ್ನು 2022ರ ಕೊನೆಗೆ ಕೈಬಿಟ್ಟರೂ ಹಳೆಯ ಕಡತಗಳಲ್ಲಿ ಅದು ಜೀವಂತ. ಎರಡರ ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು. ನೂರು ಅಡಿಯ ಬದಿಯಲ್ಲಿ ಅದು ಕಾಣುವುದೇ ಇಲ್ಲ. ಆದರೆ ನಿರ್ದೇಶಾಂಕವೇ ಹತ್ತು ಲಕ್ಷ ಅಡಿ ಇದ್ದರೆ ಬಿಂದು ಎರಡು ಅಡಿ ಸರಿದಿರುತ್ತದೆ. ಮತ್ತೆ ಅದೇ ಪಾಠ: ಬದಿಗಳು ತಾಳೆಯಾಗುತ್ತವೆ, ಜಾಗ ಬೇರೆ ಕಡೆ ಇರುತ್ತದೆ.

ದೊಡ್ಡ ಗ್ರಿಡ್ ಸಂಖ್ಯೆಗಳನ್ನು ನೇರವಾಗಿ ಗುಣಿಸಬೇಡಿ. ಏಳು ಸ್ಥಾನದ್ದನ್ನು ಆರು ಸ್ಥಾನದ್ದರಿಂದ ಗುಣಿಸಿದರೆ ಪೂರ್ಣಾಂಕದ ಭಾಗವೇ ಹನ್ನೆರಡು, ಹದಿಮೂರು ಸ್ಥಾನ. ಹತ್ತೇ ಅಂಕಿ ಹಿಡಿಯುವ ಕ್ಯಾಲ್ಕುಲೇಟರಿನಲ್ಲಿ ಕೊನೆಯ ಸ್ಥಾನಗಳು ಕತ್ತರಿಸಿ, ವಿಸ್ತೀರ್ಣದಲ್ಲಿ ಹತ್ತಾರು ಚದರ ಮೀಟರ್ ಏರುಪೇರಾಗಬಹುದು. ಮೇಲೆ ಮಾಡಿದ ಹಾಗೆ ಮೊದಲ ಬಿಂದುವನ್ನು ಎಲ್ಲದರಿಂದ ಕಳೆದು ಲೆಕ್ಕ ಹಾಕಿ. ಮೂರು ಆಯಾಮದಲ್ಲಿ ತೋರಿಸುವ ಕೆಲವು ತಂತ್ರಾಂಶಗಳು ಸಂಖ್ಯೆಯನ್ನು 32 ಬಿಟ್‌ನಲ್ಲಿ ಇಟ್ಟುಕೊಳ್ಳುತ್ತವೆ. ಉತ್ತರ ಹದಿನಾಲ್ಕು ಲಕ್ಷದ ಆಸುಪಾಸಿನಲ್ಲಿದ್ದಾಗ ಅವುಗಳಿಗೆ 12.5 ಸೆಂಟಿಮೀಟರಿಗಿಂತ ಸಣ್ಣ ಹೆಜ್ಜೆ ಇಡಲು ಬರುವುದಿಲ್ಲ. ನೇರ ಗೋಡೆ ಹಲ್ಲುಹಲ್ಲಾಗಿ ಕಂಡರೆ ಅಳತೆಯವರನ್ನು ಬೈಯಬೇಡಿ.

ಗ್ರಿಡ್ ಅಂತರ, ನೆಲದ ಅಂತರ

ಇದು ಗೊತ್ತಿದ್ದೂ ಮರೆಯುವ ವಿಷಯ. ಗ್ರಿಡ್ ಅಂತರ ಎಂದರೆ ಗ್ರಿಡ್‌ನ ನಿರ್ದೇಶಾಂಕಗಳಿಂದ ಲೆಕ್ಕ ಹಾಕಿದ್ದು, ನೆಲದ ಅಂತರ ಎಂದರೆ ಟೇಪಿನಿಂದ ಅಳೆದರೆ ಬರುವುದು. ಯುಟಿಎಂ ವಲಯದ ನಡುಗೆರೆಯ ಮೇಲೆ ಸ್ಕೇಲ್ 0.9996. ನೆಲದ ಒಂದು ಕಿಲೋಮೀಟರ್ ಗ್ರಿಡ್‌ನಲ್ಲಿ 999.6 ಮೀಟರ್. ಒಂದು ಹೆಕ್ಟೇರ್ 9,992 ಚದರ ಮೀಟರ್. ನೆಲ ಎತ್ತರದಲ್ಲಿದ್ದರೆ ಇನ್ನೂ ಸ್ವಲ್ಪ: 900 ಮೀಟರ್ ಎತ್ತರದಲ್ಲಿ ಕಿಲೋಮೀಟರಿಗೆ 14 ಸೆಂಟಿಮೀಟರ್. ಎರಡೂ ಸೇರಿ ಕಿಲೋಮೀಟರಿಗೆ 54 ಸೆಂಟಿಮೀಟರ್. ಟೇಪು ಹಿಡಿದವರು ನಿಮ್ಮ ಅಂಕಿ ತಪ್ಪು ಎನ್ನುತ್ತಾರೆ, ಅವರ ಮಟ್ಟಿಗೆ ಅದು ನಿಜ.

ಆಗ ಕೆಲವರು ಎಲ್ಲ ನಿರ್ದೇಶಾಂಕಗಳನ್ನು ಎರಡೂ ಸೇರಿದ ಆ ಸ್ಕೇಲ್ ಅಂಶದಿಂದ ಭಾಗಿಸಿ ನೆಲದ ಅಳತೆಗೆ ತರುತ್ತಾರೆ. ಅದು ಸರಿಯೇ. ಅಪಾಯ ಇರುವುದು ಆಮೇಲೆ. ಉತ್ತರ 14,00,000 ಇದ್ದದ್ದು ಈಗ ಸುಮಾರು 757 ಮೀಟರ್ ಮುಂದೆ ಹೋಗಿದೆ, ಆದರೂ ನೋಡಲು ಯುಟಿಎಂ ಸಂಖ್ಯೆಯಂತೆಯೇ ಇದೆ. ಆರು ತಿಂಗಳ ಮೇಲೆ ಅದನ್ನು ನಿಜವಾದ ಗ್ರಿಡ್ ಬಿಂದುಗಳ ಜೊತೆ ಸೇರಿಸುವವರು ಇದ್ದೇ ಇರುತ್ತಾರೆ. ಅದಕ್ಕೆ ಸ್ಕೇಲ್ ಮಾಡಿದ ಪಟ್ಟಿಯಿಂದ ದೊಡ್ಡದೊಂದು ದುಂಡು ಸಂಖ್ಯೆ ಕಳೆದುಬಿಡಿ, ಅಂಕಿಗಳು ನಾಲ್ಕೈದು ಸ್ಥಾನಕ್ಕೆ ಇಳಿಯಲಿ, ಕಂಡವರಿಗೆ "ಇದು ಗ್ರಿಡ್ ಅಲ್ಲ" ಎಂದು ಮೊದಲ ನೋಟಕ್ಕೇ ತಿಳಿಯಲಿ. ಭಾಗಿಸಿದ ಅಂಶ, ಕಳೆದ ಸಂಖ್ಯೆ ಎರಡೂ ತಲೆಬರಹದಲ್ಲಿ. ಇದೊಂದು ಅಭ್ಯಾಸವನ್ನು ನನಗೆ ಕಲಿಸಿದ ಹಿರಿಯರನ್ನು ನಾನು ದಿನವೂ ನೆನೆಯುತ್ತೇನೆ.

ಯಾವ ಅಂಕಿ ಕೊನೆಯದು

ಯಂತ್ರದಿಂದ ಇಳಿಸಿದ ಕಡತವನ್ನು ಯಾರೂ ತಿದ್ದದಂತೆ ಬೀಗ ಹಾಕಿಡಿ, ಕೆಲಸವೆಲ್ಲ ಪ್ರತಿಯ ಮೇಲೆ. ಹೆಸರಿನಲ್ಲಿ ವರ್ಷ-ತಿಂಗಳು-ದಿನ ಕ್ರಮದಲ್ಲಿ ತಾರೀಕು, ಆಮೇಲೆ ಆವೃತ್ತಿಯ ಎರಡು ಅಂಕಿ. "ಕೊನೆಯದು", "ಹೊಸ ಕೊನೆಯದು" ಅಂತ ಹೆಸರಿಡಬೇಡಿ.

ಹೆಚ್ಚು ಗಮನ ಬೇಡುವುದು ಟ್ರಾವರ್ಸ್ ಹೊಂದಾಣಿಕೆಯ ನಂತರದ ಸ್ಥಿತಿ. ಟ್ರಾವರ್ಸ್ ಎಂದರೆ ಬಿಂದುವಿನಿಂದ ಬಿಂದುವಿಗೆ ಕೋನ, ಅಂತರ ಅಳೆಯುತ್ತಾ ಸುತ್ತಿ ಬರುವುದು. ಸುತ್ತು ಮುಚ್ಚುವಾಗ 24 ಮಿಲಿಮೀಟರ್ ತಪ್ಪು ಉಳಿದು, ಅದನ್ನು ಹಂಚಿದಿರಿ ಎಂದುಕೊಳ್ಳಿ. ಕಂಟ್ರೋಲ್ ಬಿಂದುಗಳಿಗೆ ಹೊಸ ನಿರ್ದೇಶಾಂಕ ಬಂತು. ಆದರೆ ಆ ಬಿಂದುಗಳ ಮೇಲೆ ನಿಂತು ಹೊಡೆದ ನೂರಾರು ವಿವರದ ಬಿಂದುಗಳು? ಅವು ಇನ್ನೂ ಹಳೆಯ ನಿಲುವಿನಿಂದ ಲೆಕ್ಕವಾದವು. ಅವನ್ನೂ ಮರುಲೆಕ್ಕ ಹಾಕದೆ ಒಂದೇ ಪಟ್ಟಿಗೆ ಸೇರಿಸಿದರೆ, ಅರ್ಧ ಹಳೆಯದು ಅರ್ಧ ಹೊಸದು. ಒಂದೊಂದಾಗಿ ನೋಡಿದರೆ ಪ್ರತಿ ಅಂಕಿಯೂ ಎಲ್ಲಿಂದಲೋ ಸರಿಯಾಗಿ ಬಂದಿರುತ್ತದೆ, ಹಾಗಾಗಿ ಹುಡುಕುವುದು ಬಹಳ ಕಷ್ಟ. ಇದನ್ನು ಬಿಡಿಸಲು ನಾನು ಒಮ್ಮೆ ಮೂರು ರಾತ್ರಿ ಕೂತಿದ್ದೇನೆ. ಈಗ ಹೊಂದಾಣಿಕೆಯಾದ ಕೂಡಲೇ ಹೊಸ ಆವೃತ್ತಿ, ಎಲ್ಲ ಬಿಂದುಗಳ ಮರುಲೆಕ್ಕ, ಹಳೆಯ ಆವೃತ್ತಿಯ ತಲೆಗೆ "02ರಿಂದ ರದ್ದು" ಎಂಬ ಒಂದು ಸಾಲು.

ಕೈ ದಾಟಿಸುವಾಗ

ಕಡತ ಕಳಿಸಿದ ಮೇಲೆ ನಾನು ಫೋನ್ ಮಾಡುತ್ತೇನೆ. ತಲೆಬರಹದಲ್ಲಿ ಒಂದು ತಾಳೆ ಇದೆ, ಆದರೆ ಅದನ್ನು ಓದಿ ಒಪ್ಪಿಕೊಂಡೆ ಎನ್ನುವುದು ನನಗೆ ಸಾಲದು. ತಲೆಬರಹದಲ್ಲಿ ಇಲ್ಲದ ಎರಡು ಬಿಂದು ಹೇಳಿ, "ನಿಮ್ಮ ಯಂತ್ರಕ್ಕೆ ಹಾಕಿಕೊಂಡ ಪಟ್ಟಿಯಿಂದ ಅಂತರ, ಬೇರಿಂಗ್ ಎರಡೂ ತೆಗೆದು ಹೇಳಿ" ಎನ್ನುತ್ತೇನೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಮೊನ್ನೆ ಕೇಳಿದ: "ಮೇಡಂ, ವಿಸ್ತೀರ್ಣ ತಾಳೆ ಆಗಿದೆ ಅಂತ ಅವರೇ ಹೇಳಿದ್ರಲ್ಲ?" ಅವನನ್ನು ಕೂರಿಸಿ ಮೇಲಿನ ನಾಲ್ಕು ಬಿಂದು ಬರೆದುಕೊಟ್ಟು, ಕಾಲಂ ಅದಲುಬದಲು ಮಾಡಿ ಎರಡು ಸಲ ಲೆಕ್ಕ ಹಾಕು ಎಂದೆ. ಎರಡನೇ ಸಲದ ಋಣ ಚಿಹ್ನೆ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ತಾನೇ ಫೋನ್ ಎತ್ತಿಕೊಂಡು ಆ ಕಡೆಯವರಿಗೆ 102ರಿಂದ 103ರ ಬೇರಿಂಗ್ ಎಷ್ಟು ಬರುತ್ತಿದೆ ಎಂದು ಕೇಳಿದ.